ಫಸ್ಟ್ ಇಯರ್ ಫಿಸಿಯಾಲಜಿ: ಓದಿದ್ದು ಯಾಕೆ ನಿಲ್ಲುವುದಿಲ್ಲ, ಕೌಂಟ್ ಯಾಕೆ ಸರಿ ಬರುವುದಿಲ್ಲ?

ಹೊಸ_ಬ್ಯಾಚ್

ಎಂಬಿಬಿಎಸ್ ಮೊದಲ ವರ್ಷದವರಿಗೆ ಫಿಸಿಯಾಲಜಿ ಓದುವ ಕ್ರಮ ಯಾರಾದರೂ ಬಿಡಿಸಿ ಹೇಳುತ್ತೀರಾ? ಅನಾಟಮಿಯಲ್ಲಾದರೆ ಕಣ್ಣೆದುರು ಮೂಳೆ ಇದೆ, ನರ ಇದೆ. ಇಲ್ಲಿ ಪುಟ ಓದುವಾಗ ಎಲ್ಲ ಅರ್ಥವಾಗುತ್ತದೆ, ಪುಸ್ತಕ ಮುಚ್ಚಿದರೆ ಏನೂ ಉಳಿಯುವುದಿಲ್ಲ. ಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ಬಾಯಿಪಾಠ ಮಾಡಬೇಕು? ಇನ್ನೊಂದು ಪ್ರಶ್ನೆ ಪ್ರಾಕ್ಟಿಕಲ್‌ದು: ಒಬ್ಬನೇ ವ್ಯಕ್ತಿಯ ರಕ್ತ, ಇಬ್ಬರು ಎಣಿಸಿದರೆ ಒಬ್ಬರಿಗೆ ಆರ್‌ಬಿಸಿ (ಕೆಂಪು ರಕ್ತಕಣ) ಘನ ಮಿ.ಮೀ.ಗೆ 48 ಲಕ್ಷ, ಇನ್ನೊಬ್ಬರಿಗೆ 31 ಲಕ್ಷ. ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಟ್ಯೂಟರ್_ಧಾರವಾಡ

ಮೊದಲನೇ ಪ್ರಶ್ನೆಗೆ ಹೇಳ್ತೀನ್ರಿ. ಪುಟ ಓದೋದು ಫಿಸಿಯಾಲಜಿ ಓದೋದಲ್ಲ. ಒಂದು ಬದಲಾವಣೆ ತಗೊಳ್ರಿ, ಅದರಿಂದ ಮುಂದೇನು ಏರ್ತದ, ಏನು ಇಳೀತದ ಅಂತ ಬಾಣದ ಗುರುತು ಹಾಕ್ಕೋತ ಖಾಲಿ ಹಾಳ್ಯಾಗ ಬರೀರಿ. ಎಲ್ಲಿ ಕೈ ನಿಲ್ತದೋ ಅಷ್ಟು ಭಾಗಕ್ಕ ಮಾತ್ರ ಪುಸ್ತಕ ತೆಗೀರಿ.

ಉದಾಹರಣೆಗೆ ಒಂದು ಲೀಟರ್ ರಕ್ತ ಹೋಗ್ಯದ ಅಂತ ಇಟ್ಕೊಳ್ರಿ. ಹೃದಯಕ್ಕ ಮರಳೋ ರಕ್ತ ಕಡಿಮಿ, ಹಂಗಾಗಿ ಡಯಾಸ್ಟೋಲ್ (ಹೃದಯ ಸಡಿಲಾಗೋ ಹೊತ್ತು) ಕೊನೀಗೆ ವೆಂಟ್ರಿಕಲ್‌ನ್ಯಾಗ (ಹೃದಯದ ಕೆಳಗಿನ ಕೋಣಿ) ತುಂಬಿರೋದು ಕಡಿಮಿ, ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕ ಹೊರಬೀಳೋ ರಕ್ತ) ಕಡಿಮಿ, ಒತ್ತಡ ಕಡಿಮಿ. ಇಲ್ಲೀತನಕ ಎಲ್ಲಾರೂ ಬರೀತಾರ. ಮುಂದಿನ ಬಾಣದಾಗ ಅರ್ಧಾ ಕ್ಲಾಸು ತಪ್ಪತದ: "ಬ್ಯಾರೋರಿಸೆಪ್ಟರ್ ಪ್ರಚೋದನೆಯಾಗುತ್ತದೆ" ಅಂತ ಬರೀತಾರ. ಇಲ್ಲ. ಕುತ್ತಿಗಿಯ ಕೆರೋಟಿಡ್ ಸೈನಸ್, ಹೃದಯದ ಮ್ಯಾಲಿನ ಏಯಾರ್ಟಿಕ್ ಆರ್ಚ್ ಗೋಡ್ಯಾಗಿರೋ ಈ ನರದ ತುದಿಗಳು ಹಿಗ್ಗಿದಾಗ ಸಂಕೇತ ಕಳಿಸ್ತಾವ. ಒತ್ತಡ ಇಳಿದ್ರ ಹಿಗ್ಗೋದು ಕಡಿಮಿ, ಒಂಬತ್ತನೇ, ಹತ್ತನೇ ಕ್ರೇನಿಯಲ್ ನರದಾಗ ಮೆಡುಲ್ಲಾಕ್ಕ (ಮಿದುಳಿನ ಬುಡ) ಹೋಗೋ ಸಂಕೇತ *ಇಳೀತಾವ*. ಸಿಂಪಥೆಟಿಕ್ (ನಾಡಿ ಏರಿಸೋ ನರಜಾಲ) ಮ್ಯಾಲಿದ್ದ ತಡೆ ಹೋಗ್ತದ, ವೇಗಸ್ (ನಾಡಿ ಇಳಿಸೋ ನರ) ಹಿಂದ ಸರೀತದ. ನಾಡಿ ಏರ್ತದ, ಚರ್ಮ, ಕರುಳು, ಮೂತ್ರಪಿಂಡದ ಸಣ್ಣ ರಕ್ತನಾಳ ಬಿಗೀತಾವ. ಅದಕ್ಕ ಕೈಕಾಲು ತಣ್ಣಗ, ಮೂತ್ರ ಕಡಿಮಿ. ಮಿದುಳಿನ ರಕ್ತನಾಳ, ಹೃದಯದ ಕೊರೊನರಿ ಹಂಗ ಬಿಗಿಯೂದಿಲ್ಲ.

ವೈವಾದಾಗ (ಬಾಯಿಮಾತಿನ ಪರೀಕ್ಷಾ) ಇದರ ಬಾಲ ಹಿಡಿದು ಕೇಳ್ತಾರ: ರಕ್ತ ಹೋದ ಹತ್ತು ನಿಮಿಷಕ್ಕ ಹಿಮೋಗ್ಲೋಬಿನ್ ನೋಡಿದ್ರ ಎಷ್ಟಿರ್ತದ? ಬಹಳ ಮಂದಿ ಕಡಿಮಿ ಅಂತಾರ. ಕಣ, ಪ್ಲಾಸ್ಮಾ ಎರಡೂ ಒಂದೇ ಪ್ರಮಾಣದಾಗ ಹೋಗ್ಯಾವ, ಹಂಗಾಗಿ ಸಾಂದ್ರತೆ ಮೊದಲಿನಷ್ಟೇ ಇರ್ತದ. ಕ್ಯಾಪಿಲರಿ ಒತ್ತಡ ಇಳಿದು ಹೊರಗಿನ ದ್ರವ ತಾಸುಗಟ್ಟಲೆ ಒಳಗ ಸೇರ್ಕೋತ ಹೋದ ಮ್ಯಾಲೆ ಅದು ಇಳೀತದ.

ಸ್ಟ್ರೋಕ್_ವಾಲ್ಯೂಮ್

ಬಾಣ ಸರಿ, ಆದರೆ ಸಂಖ್ಯೆ ಇಲ್ಲದ ಬಾಣ ಅರ್ಧ ಉತ್ತರ. ಎಲ್ಲ ಸಂಖ್ಯೆ ಬೇಡ. ಬೇರೆ ಸಂಖ್ಯೆಗಳನ್ನು ಹುಟ್ಟಿಸುವಂಥ ಕೆಲವನ್ನು ಹಿಡಿದುಕೊಂಡರೆ ಸಾಕು. ಹೃದಯಕ್ಕೆ ಮೂರು: ನಾಡಿ 75, ಡಯಾಸ್ಟೋಲ್ ಕೊನೆಯಲ್ಲಿ ವೆಂಟ್ರಿಕಲ್‌ನಲ್ಲಿ 120 ಮಿ.ಲೀ., ಸಿಸ್ಟೋಲ್ (ಹೃದಯ ಸಂಕುಚಿಸುವ ಹೊತ್ತು) ಕೊನೆಯಲ್ಲಿ 50 ಮಿ.ಲೀ. ಇಷ್ಟರಿಂದ ಸ್ಟ್ರೋಕ್ ವಾಲ್ಯೂಮ್ 70, ಕಾರ್ಡಿಯಾಕ್ ಔಟ್‌ಪುಟ್ (ಹೃದಯ ಹೊರಹಾಕುವ ಒಟ್ಟು ರಕ್ತ) ನಿಮಿಷಕ್ಕೆ 5,250 ಮಿ.ಲೀ., ಇಜೆಕ್ಷನ್ ಫ್ರಾಕ್ಷನ್ (ತುಂಬಿದ್ದರಲ್ಲಿ ಹೊರಬಿದ್ದ ಪಾಲು) ಸುಮಾರು 58%, ಒಂದು ಬಡಿತದ ಅವಧಿ 60/75 ಅಂದರೆ 0.8 ಸೆಕೆಂಡ್. ಆ 0.8ರಲ್ಲಿ ವೆಂಟ್ರಿಕಲ್ ಸಿಸ್ಟೋಲ್ 0.3, ಡಯಾಸ್ಟೋಲ್ 0.5.

ಈಗ ನಾಡಿಯನ್ನು 180ಕ್ಕೆ ಏರಿಸಿ ನೋಡಿ. ಇಡೀ ಚಕ್ರಕ್ಕೆ ಸಿಗುವುದೇ 0.33 ಸೆಕೆಂಡ್. ಸಿಸ್ಟೋಲ್ ಕೂಡ ಕುಗ್ಗುತ್ತದೆ, ಆದರೆ ಹೆಚ್ಚು ಪೆಟ್ಟು ತಿನ್ನುವುದು ಡಯಾಸ್ಟೋಲ್. ವೆಂಟ್ರಿಕಲ್ ತುಂಬುವುದು ಆಗಲೇ, ಎಡ ವೆಂಟ್ರಿಕಲ್ ಗೋಡೆಗೆ ಕೊರೊನರಿ ರಕ್ತ ಹೆಚ್ಚಾಗಿ ಹರಿಯುವುದೂ ಆಗಲೇ. ನಾಡಿ ತೀರಾ ಏರಿದರೆ ಔಟ್‌ಪುಟ್ ಯಾಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಈ ಭಾಗಾಕಾರವೇ ಉತ್ತರ.

ಕಾರ್ಡಿಯಾಕ್ ಸೈಕಲ್ ಚಿತ್ರ ಬರೆಯುವಾಗ ಎಲ್ಲರೂ ಇಸಿಜಿಯಿಂದ ಶುರು ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಏಯಾರ್ಟಾದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಒತ್ತಡದ ಗೆರೆ (80ರಿಂದ 120), ಅದರ ಮೇಲೆ ಎಡ ವೆಂಟ್ರಿಕಲ್‌ನ ಗೆರೆ, ಕೆಳಗೆ ಎಡ ಏಟ್ರಿಯಂನದು (ಹೃದಯದ ಮೇಲಿನ ಕೋಣೆ) ಹಾಕಿ. ಗೆರೆಗಳು ಒಂದನ್ನೊಂದು ದಾಟುವ ನಾಲ್ಕು ಜಾಗದಲ್ಲಿ ಲಂಬ ಗೆರೆ ಎಳೆಯಿರಿ: ಮೈಟ್ರಲ್ ಕವಾಟ ಮುಚ್ಚುವುದು, ಏಯಾರ್ಟಿಕ್ ಕವಾಟ ತೆರೆಯುವುದು, ಏಯಾರ್ಟಿಕ್ ಮುಚ್ಚುವುದು, ಮೈಟ್ರಲ್ ತೆರೆಯುವುದು. ವಾಲ್ಯೂಮ್ ಗೆರೆ, ಹೃದಯದ ಶಬ್ದ, ಇಸಿಜಿ ಎಲ್ಲ ಈ ನಾಲ್ಕು ಗೆರೆಗೆ ಹೊಂದಿಕೊಂಡು ಬರುತ್ತವೆ. ಎರಡೂ ಕವಾಟ ಮುಚ್ಚಿರುವ ಹೊತ್ತಿನಲ್ಲಿ ವಾಲ್ಯೂಮ್ ಗೆರೆ ಅಡ್ಡ ಮಟ್ಟಸ ಇರಲೇಬೇಕು. ಅಲ್ಲಿ ಅದು ಓರೆಯಾಗಿದ್ದರೆ ಅರ್ಥವಾಗಿಲ್ಲ ಎಂದು ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.

ಹೆಮಟಾಲಜಿ_ಲ್ಯಾಬ್

48 ಮತ್ತು 31 ಲಕ್ಷದ ವಿಷಯಕ್ಕೆ ಬರೋಣ. ಇದು ಲೆಕ್ಕ ಅರ್ಥವಾದರೆ ತಾನಾಗಿ ಬಗೆಹರಿಯುವ ಸಮಸ್ಯೆ.

ಆರ್‌ಬಿಸಿ ಪಿಪೆಟ್‌ನಲ್ಲಿ ಕೆಂಪು ಮಣಿ, ಗುರುತುಗಳು 0.5, 1, 101. ರಕ್ತ 0.5ರವರೆಗೆ, ರಕ್ತ ತೆಳುಮಾಡುವ ಹೇಯಮ್ಸ್ ದ್ರಾವಣ 101ರವರೆಗೆ. ನ್ಯೂಬೌರ್ ಚೇಂಬರ್‌ನ (ಕಣ ಎಣಿಸುವ ಚೌಕದ ಗಾಜು) ನಡುವಿನ 1 ಚದರ ಮಿ.ಮೀ.ನಲ್ಲಿ 25 ಚೌಕ, ಒಂದೊಂದರಲ್ಲಿ 16 ಪುಟ್ಟ ಚೌಕ, ಒಟ್ಟು 400. ನಾಲ್ಕು ಮೂಲೆ ಮತ್ತು ನಡುವಿನದು ಸೇರಿ 5 ಚೌಕ ಎಣಿಸಿದರೆ 80 ಪುಟ್ಟ ಚೌಕ, ಅಂದರೆ 1/5 ಚದರ ಮಿ.ಮೀ. ಆಳ 1/10 ಮಿ.ಮೀ. ಹಾಗಾಗಿ ಗಾತ್ರ 1/50 ಘನ ಮಿ.ಮೀ. ರಕ್ತ 200 ಪಟ್ಟು ತೆಳುವಾಗಿದೆ. ಎಣಿಸಿದ್ದನ್ನು 50 × 200, ಅಂದರೆ 10,000ದಿಂದ ಗುಣಿಸಬೇಕು. 480 ಕಣ ಕಂಡರೆ 48 ಲಕ್ಷ, 310 ಕಂಡರೆ 31 ಲಕ್ಷ. ನಿಮ್ಮ ಇಬ್ಬರ ನಡುವೆ ಇರುವುದು 170 ಕಣದ ವ್ಯತ್ಯಾಸ. ಅವು ಎಲ್ಲಿ ಕಳೆದವು ಅನ್ನುವುದೇ ಪ್ರಶ್ನೆ.

ಕಳೆಯುವ ಮೊದಲ ಜಾಗ ಬೆರಳು. ಚುಚ್ಚಿದ್ದು ಆಳ ಸಾಲದೆ ಹಿಂಡಿದರೆ ಅಂಗಾಂಶದ ದ್ರವವೂ ಸೇರಿ ರಕ್ತ ಮೊದಲೇ ತೆಳುವಾಗುತ್ತದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ ಕಣಗಳು ಒಡೆಯುತ್ತವೆ, ಹನಿಯೂ ದುಂಡಗೆ ನಿಲ್ಲದೆ ಹರಡುತ್ತದೆ. ಮೊದಲ ಹನಿ ಒರೆಸಿ, ಎರಡನೆಯದು ದೊಡ್ಡದಾಗಿ ತಾನಾಗಿ ಬಂದ ಮೇಲೆ ಪಿಪೆಟ್ ಇಡಿ.

ಎರಡನೆಯದು ಪಿಪೆಟ್. 0.5ರ ಬದಲು 0.45ಕ್ಕೆ ನಿಂತರೆ ಅಲ್ಲೇ ಹತ್ತರಲ್ಲೊಂದು ಪಾಲು ಹೋಯಿತು, 48 ಲಕ್ಷ 43 ಆಯಿತು. ಗುರುತು ಸ್ವಲ್ಪ ದಾಟಿದರೆ ತುದಿಯನ್ನು ಬೆರಳಿಗೆ ಮೆಲ್ಲಗೆ ತಟ್ಟಿ ಇಳಿಸಿ, ಹತ್ತಿ ಹಚ್ಚಿ ಹೀರಿಸಬೇಡಿ. ಹೊರಮೈಗೆ ಅಂಟಿದ ರಕ್ತ ಒರೆಸಿದ ಮೇಲೆಯೇ ಹೇಯಮ್ಸ್‌ಗೆ ಅದ್ದಿ. ಒಳಗೆ ನೀರಿನ ಪಸೆ ಇದ್ದರೆ ಕಣ ಒಡೆಯುತ್ತದೆ. ಗಾಳಿಗುಳ್ಳೆ ಹೋದರೆ ಮೊದಲಿಂದ ಮಾಡುವುದೇ ಲೇಸು. ಹೇಯಮ್ಸ್‌ನಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಇದೆ, ಅದು ವಿಷ. ರಬ್ಬರ್ ಟ್ಯೂಬ್‌ನಿಂದ ಎಳೆಯುವಾಗ ಕಣ್ಣು ಗುರುತಿನ ಮೇಲೇ ಇರಲಿ.

ಆಮೇಲೆ ಪಿಪೆಟ್ ಅಡ್ಡ ಹಿಡಿದು ಎರಡು ಅಂಗೈ ನಡುವೆ ಎರಡು ಮೂರು ನಿಮಿಷ ಉರುಳಿಸಿ. ಚೇಂಬರ್‌ಗೆ ಬಿಡುವ ಮುನ್ನ ಎರಡು ಮೂರು ಹನಿ ಚೆಲ್ಲಬೇಕು. ಹೆಚ್ಚಿನವರು ಚೆಲ್ಲುವುದು ಒಂದೇ ಹನಿ. ಪಿಪೆಟ್‌ನ ಕಾಂಡದಲ್ಲಿ (ಸಪೂರ ಕೊಳವೆ) ಇರುವುದು ಕಣವೇ ಇಲ್ಲದ ಬರೀ ಹೇಯಮ್ಸ್. ಅದು ಚೇಂಬರ್‌ಗೆ ಹೋದರೆ ಕೌಂಟ್ ಬಿದ್ದೇ ಬೀಳುತ್ತದೆ. ನಿಮ್ಮ 31ಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆ, ಎರಡನೆಯದು ಹಿಂಡಿದ ಬೆರಳಿನ ಮೇಲೆ.

ತುದಿಯನ್ನು 45 ಡಿಗ್ರಿಯಲ್ಲಿ ಕವರ್‌ಸ್ಲಿಪ್ ಅಂಚಿಗೆ ತಾಗಿಸಿದರೆ ದ್ರಾವಣ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದ ಕಾಲುವೆಗೆ ಇಳಿದರೆ ತೊಳೆದು ಮತ್ತೆ ಹಾಕಿ: ಕವರ್‌ಸ್ಲಿಪ್ ಮೇಲೆದ್ದು ಆಳ 1/10 ಮಿ.ಮೀ.ಗಿಂತ ಹೆಚ್ಚಾಗಿ ಕೌಂಟ್ ಸುಳ್ಳೇ ಏರುತ್ತದೆ. ಮೂರು ನಿಮಿಷ ಕಣಗಳು ತಳಕ್ಕಿಳಿಯಲು ಬಿಡಿ. 10ರ ಲೆನ್ಸಿನಲ್ಲಿ ಹರಡಿಕೆ ನೋಡಿ. ಒಂದು ಮೂಲೆಯಲ್ಲಿ ಗುಂಪು, ಇನ್ನೊಂದು ಖಾಲಿ ಇದ್ದರೆ ಎಣಿಸುವುದೇ ದಂಡ. ಸರಿ ಇದ್ದರೆ 40ರಲ್ಲಿ ಎಣಿಸಿ, ಕಂಡೆನ್ಸರ್ ಕೆಳಗಿಳಿಸಿ ಬೆಳಕು ತಗ್ಗಿಸಿ. ಎಡ ಮತ್ತು ಮೇಲಿನ ಗೆರೆ ಮುಟ್ಟಿದ ಕಣ ಲೆಕ್ಕಕ್ಕೆ, ಬಲ ಮತ್ತು ಕೆಳಗಿನದು ಬಿಟ್ಟುಬಿಡಿ. ನಾಲ್ಕೂ ಕಡೆಯದು ಸೇರಿಸಿದರೆ ಪಕ್ಕದ ಚೌಕದಲ್ಲಿ ಅವೇ ಮತ್ತೆ ಎಣಿಕೆಗೆ ಬರುತ್ತವೆ.

ಡಬ್ಲ್ಯುಬಿಸಿಗೆ (ಬಿಳಿ ರಕ್ತಕಣ) ಬಿಳಿ ಮಣಿ, 11ರ ಗುರುತು, ಟರ್ಕ್ಸ್ ದ್ರಾವಣ, 20 ಪಟ್ಟು. ನಾಲ್ಕು ಮೂಲೆಯ ದೊಡ್ಡ ಚೌಕಗಳ ಗಾತ್ರ 0.4 ಘನ ಮಿ.ಮೀ., ಹಾಗಾಗಿ 50ರಿಂದ ಗುಣಿಸಿ. 140 ಕಂಡರೆ 7,000.

ಮುಖ್ಯವಾದದ್ದು ಇನ್ನೊಂದು: ಒಂದು ಲ್ಯಾನ್ಸೆಟ್ ಒಬ್ಬರಿಗೆ ಮಾತ್ರ, ಮುಗಿದ ತಕ್ಷಣ ಚೂಪು ವಸ್ತುಗಳ ಬಿಳಿ ಡಬ್ಬಕ್ಕೆ. "ಸ್ಪಿರಿಟ್‌ನಲ್ಲಿ ಒರೆಸಿದ್ದೇನೆ" ಎಂಬ ಮಾತು ಲ್ಯಾಬ್‌ನಲ್ಲಿ ನಡೆಯಬಾರದು.

ಹೊಸ_ಬ್ಯಾಚ್

ಮೇಡಂ, ಇಷ್ಟು ವಿವರ ಮ್ಯಾನ್ಯುಯಲ್‌ನಲ್ಲೂ ಸಿಗಲಿಲ್ಲ. ಒಂದು ಸಂಶಯ: 0.5 ರಕ್ತ, 101ರವರೆಗೆ ದ್ರಾವಣ ಅಂದರೆ 202 ಪಟ್ಟು ಆಗಬೇಕಲ್ಲವೇ?

ಹೆಮಟಾಲಜಿ_ಲ್ಯಾಬ್

ಆ ಕಾಂಡದ ಬರೀ ಹೇಯಮ್ಸ್ ಇತ್ತಲ್ಲ, ಅದು 1 ಪಾಲು. ಅದು ಬಲ್ಬಿನೊಳಗೆ ಬೆರೆಯುವುದೇ ಇಲ್ಲ. ಬಲ್ಬಿನ ಗಾತ್ರ 100 ಪಾಲು, ಅದರಲ್ಲಿ ರಕ್ತ 0.5. ಹಾಗಾಗಿ 200. ವೈವಾದಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ.

ಕರಾವಳಿ_ಪಿಜಿ

ಬಿಪಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಸುಲಭ ಅಂತ ಎಲ್ಲರೂ ಉಡಾಫೆ ಮಾಡುವ ಪ್ರಾಕ್ಟಿಕಲ್ ಅದು, ಅಂಕ ಹೋಗುವುದೂ ಅಲ್ಲೇ.

ಐದು ನಿಮಿಷ ಕೂರಿಸಿ, ತೋಳು ಹೃದಯದ ಮಟ್ಟದಲ್ಲಿರಲಿ. ತೋಳು ಹೃದಯಕ್ಕಿಂತ 15 ಸೆಂ.ಮೀ. ಕೆಳಗೆ ಜೋತುಬಿದ್ದರೆ ರಕ್ತದ ಕಂಬದ ಭಾರಕ್ಕೇ 11-12 ಮಿ.ಮೀ. ಪಾದರಸ ಹೆಚ್ಚು ಬರುತ್ತದೆ. ಕಫ್‌ನ ಒಳಗಿನ ಚೀಲದ ಅಗಲ ತೋಳಿನ ಸುತ್ತಳತೆಯ 40% ಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಹುಟ್ಟುತ್ತದೆ. ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡೂವರೆ ಸೆಂ.ಮೀ. ಮೇಲೆ.

ಮೊದಲು ಬೆರಳಿನಿಂದ, ಮಣಿಕಟ್ಟಿನ ರೇಡಿಯಲ್ ನಾಡಿ ನಿಲ್ಲುವವರೆಗೆ ಏರಿಸಿ ನೋಡಿಕೊಳ್ಳಿ. ಆಮೇಲೆ ಸ್ಟೆತ್ ಇಟ್ಟು ಅದಕ್ಕಿಂತ 30 ಮೇಲೆ ಏರಿಸಿ ಇಳಿಸುತ್ತ ಬನ್ನಿ. ಬೆರಳಿನ ಹಂತ ಯಾಕೆ ಅಂದರೆ: ಕೆಲವರಲ್ಲಿ ಶಬ್ದ 180ರಲ್ಲಿ ಶುರುವಾಗಿ 160ರಲ್ಲಿ ಮಾಯವಾಗಿ 140ರಲ್ಲಿ ಮತ್ತೆ ಕೇಳುತ್ತದೆ. ನೀವು 150ರಿಂದ ಇಳಿಸಲು ಶುರು ಮಾಡಿದರೆ ಸಿಸ್ಟೋಲಿಕ್ 140 ಅಂತ ಬರೆದುಬಿಡುತ್ತೀರಿ. ನಾಡಿ ಆ ಖಾಲಿ ಜಾಗದಲ್ಲೂ ಬೆರಳಿಗೆ ಸಿಗುತ್ತದೆ, ಅದಕ್ಕೇ ಬೆರಳು ಮೊದಲು.

ಇಳಿಸುವ ವೇಗ ಸೆಕೆಂಡಿಗೆ 2-3 ಮಿ.ಮೀ. ನಾಡಿ 60 ಇರುವವನಿಗೆ ಸೆಕೆಂಡಿಗೆ 10ರಂತೆ ಬಿಟ್ಟರೆ ಎರಡು ಬಡಿತದ ನಡುವೆಯೇ 10 ಜಾರಿರುತ್ತದೆ. ಸಿಸ್ಟೋಲಿಕ್ ಕಡಿಮೆ, ಡಯಾಸ್ಟೋಲಿಕ್ ಹೆಚ್ಚು ಬರುವುದು ಹಾಗೆ. ನಡುವೆ ಸಂಶಯ ಬಂತೆಂದು ಅಲ್ಲಿಂದಲೇ ಮತ್ತೆ ಪಂಪ್ ಹೊಡೆಯಬೇಡಿ. ಸೊನ್ನೆಗೆ ಇಳಿಸಿ ಒಂದು ನಿಮಿಷ ಕಾದು ಮತ್ತೆ ಮಾಡಿ. ವಯಸ್ಕರಲ್ಲಿ ಶಬ್ದ ಪೂರ್ತಿ ನಿಲ್ಲುವುದು, ಅಂದರೆ ಐದನೇ ಹಂತ, ಡಯಾಸ್ಟೋಲಿಕ್.

ಪೊಟ್ಯಾಸಿಯಂ_ಪ್ರಿಯ

ನರ-ಸ್ನಾಯು ಅಧ್ಯಾಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರು ಬಿಟ್ಟಿದೆ: ವಿಶ್ರಾಂತಿಯಲ್ಲಿರುವ ಕೋಶದ -70 ಮಿಲಿವೋಲ್ಟ್ ಸೋಡಿಯಂ-ಪೊಟ್ಯಾಸಿಯಂ ಪಂಪ್‌ನಿಂದ ಬರುತ್ತದೆ ಎಂಬುದು. ಪಂಪ್ ನೇರವಾಗಿ ಕೊಡುವುದು ಕೆಲವೇ ಮಿಲಿವೋಲ್ಟ್. ಉಳಿದದ್ದೆಲ್ಲ ಪೊಟ್ಯಾಸಿಯಂ ಹೊರಗೆ ಸೋರುವುದರಿಂದ.

ನರ್ನ್‌ಸ್ಟ್ ಲೆಕ್ಕ (ಒಳಹೊರಗಿನ ಸಾಂದ್ರತೆಯಿಂದ ವೋಲ್ಟೇಜ್ ಕಂಡುಹಿಡಿಯುವ ಸೂತ್ರ) ಮಾಡಿ ನೋಡಿ. ಪೊಟ್ಯಾಸಿಯಂ ಒಳಗೆ 140, ಹೊರಗೆ 4, ಅನುಪಾತ 35. ಅದರ ಲಾಗ್ 1.54. 61ರಿಂದ ಗುಣಿಸಿದರೆ 94, ಒಳಗೆ ಋಣ. ಸ್ವಲ್ಪ ಸೋಡಿಯಂ ಒಳಗೆ ಸೋರಿ ಅದನ್ನು -70ರತ್ತ ಎಳೆಯುತ್ತದೆ. ಈಗ ಹೊರಗಿನ ಪೊಟ್ಯಾಸಿಯಂ 8 ಮಾಡಿ: ಅನುಪಾತ 17.5, ಉತ್ತರ -76. ಕೋಶ ಥ್ರೆಷೋಲ್ಡ್‌ಗೆ (ಪ್ರಚೋದನೆ ಶುರುವಾಗುವ ಮಟ್ಟ) ಹತ್ತಿರ ಬಂದಿದೆ, ಹಾಗಾದರೆ ಹೆಚ್ಚು ಚುರುಕಾಗಬೇಕಲ್ಲ? ಮೊದಮೊದಲು ಹೌದು. ಆದರೆ ಹಾಗೆಯೇ ಮುಂದುವರಿದರೆ ಸೋಡಿಯಂ ಚಾನೆಲ್‌ಗಳು ನಿಷ್ಕ್ರಿಯ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡು ಸ್ನಾಯು ಸೋಲುತ್ತದೆ, ಹೃದಯದಲ್ಲಿ ವಹನ ನಿಧಾನವಾಗುತ್ತದೆ.

ಟ್ಯೂಟರ್_ಧಾರವಾಡ

ಇದು ಸ್ವಲ್ಪ ಏಕಪಕ್ಷೀಯ ಆಯ್ತು ನೋಡ್ರಿ. ಪಂಪ್ ಇಲ್ಲದಿದ್ರ ಆ 140 ಮತ್ತು 4 ಉಳಿಯೂದಽ ಇಲ್ಲ. ಹುಡುಗರು ಇದನ್ನ ಓದಿ "ಪಂಪ್‌ಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಬರದ್ರ ಅದೂ ತಪ್ಪು.

ಪೊಟ್ಯಾಸಿಯಂ_ಪ್ರಿಯ

ಅದಕ್ಕೇ "ನೇರವಾಗಿ" ಅಂದೆ ಸರ್. ಪಂಪ್ ನಿಲ್ಲಿಸಿದ ಕ್ಷಣಕ್ಕೆ ಕೆಲವು ಮಿಲಿವೋಲ್ಟ್ ಮಾತ್ರ ಬದಲಾಗುತ್ತದೆ, ಹೊತ್ತು ಹೋದ ಹಾಗೆ ಒಳಹೊರಗಿನ ವ್ಯತ್ಯಾಸವೇ ಕರಗುತ್ತದೆ. ಉತ್ತರದಲ್ಲಿ ಈ ಎರಡು ಸಾಲೂ ಇರಬೇಕು. ಜೊತೆಗೆ, ಆಕ್ಷನ್ ಪೊಟೆನ್ಷಿಯಲ್ (ಕೋಶದ ಕ್ಷಣಿಕ ವಿದ್ಯುತ್ ಏರಿಳಿತ) ಇಳಿಯುವುದು ಪೊಟ್ಯಾಸಿಯಂ ಚಾನೆಲ್‌ನಿಂದ, ಪಂಪ್‌ನಿಂದಲ್ಲ. ಇದನ್ನಂತೂ ಪ್ರತಿ ವರ್ಷದ ಉತ್ತರಪತ್ರಿಕೆಗಳಲ್ಲೂ ತಪ್ಪು ಬರೆಯುತ್ತಾರೆ.

ಸ್ಟ್ರೋಕ್_ವಾಲ್ಯೂಮ್

ಲೆಕ್ಕ ಮಾಡಿ ಕಲಿಯುವುದಕ್ಕೆ ಉಸಿರಾಟದ ಅಧ್ಯಾಯದಷ್ಟು ಒಳ್ಳೆಯ ಜಾಗ ಇಲ್ಲ. ಮಂಗಳೂರು ಮತ್ತು ಬೆಂಗಳೂರನ್ನೇ ತೆಗೆದುಕೊಳ್ಳಿ.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿ.ಮೀ. ಪಾದರಸ. ನೀರಾವಿಯ 47 ಕಳೆದು 0.21ರಿಂದ ಗುಣಿಸಿದರೆ ಶ್ವಾಸನಾಳದಲ್ಲಿ ಆಮ್ಲಜನಕ 150. ಅದರಿಂದ 40/0.8 (ಕಾರ್ಬನ್ ಡೈಆಕ್ಸೈಡ್ ಒತ್ತಡ 40, ಉಸಿರಾಟದ ಅನುಪಾತ 0.8), ಅಂದರೆ 50 ಕಳೆದರೆ ಆಲ್ವಿಯೋಲಸ್‌ನಲ್ಲಿ (ಶ್ವಾಸಕೋಶದ ಪುಟ್ಟ ಗಾಳಿಚೀಲ) 100. ಬೆಂಗಳೂರು ಸುಮಾರು 900 ಮೀಟರ್ ಎತ್ತರ, ಒತ್ತಡ ಸುಮಾರು 685. ಅದೇ ಲೆಕ್ಕದಲ್ಲಿ 134, ಕೊನೆಗೆ 84. ಆಲ್ವಿಯೋಲಸ್‌ನಲ್ಲಿ 16 ಮಿ.ಮೀ. ಖೋತಾ, ಆದರೂ ಯಾರಿಗೂ ಏದುಸಿರು ಬರುವುದಿಲ್ಲ. ಯಾಕೆ? ಹಿಮೋಗ್ಲೋಬಿನ್ ಗೆರೆ (ಆಮ್ಲಜನಕದ ಒತ್ತಡಕ್ಕೆ ತಕ್ಕಂತೆ ಅದು ಎಷ್ಟು ಪಾಲು ತುಂಬಿರುತ್ತದೆ ಎಂಬುದು) ಅಲ್ಲಿ ಹೆಚ್ಚುಕಡಿಮೆ ಮಟ್ಟಸ. 100ರಲ್ಲಿ 97%, 60ಕ್ಕೆ ಇಳಿದರೂ 90%. ಅದರ ಕೆಳಗೆ ಜಾರುತ್ತದೆ: 40ರಲ್ಲಿ 75%, 27ರಲ್ಲಿ 50%. ಈ ನಾಲ್ಕು ಬಿಂದು ಹಾಕಿದರೆ ಎಸ್ ಆಕಾರದ ಗೆರೆ ತಾನಾಗಿ ಬರುತ್ತದೆ, ಅಂದಾಜಿಗೆ ಎಳೆಯಬೇಕಾಗಿಲ್ಲ.

ಇದರ ಜೊತೆ ರಕ್ತಹೀನತೆಯನ್ನೂ ಸೇರಿಸಿ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ 1.34 ಮಿ.ಲೀ. ಆಮ್ಲಜನಕ, 100 ಮಿ.ಲೀ. ರಕ್ತದಲ್ಲಿರುವ 15 ಗ್ರಾಂಗೆ ಪೂರ್ತಿ ತುಂಬಿದರೆ 20. ಹಿಮೋಗ್ಲೋಬಿನ್ 7.5 ಇದ್ದರೆ 10. ಆದರೆ ಸ್ಯಾಚುರೇಶನ್ ಅದೇ 97%. ಪಲ್ಸ್ ಆಕ್ಸಿಮೀಟರ್ ಚೆನ್ನಾಗಿಯೇ ತೋರಿಸುತ್ತದೆ, ಸಾಗಿಸುವ ಸರಕು ಮಾತ್ರ ಅರ್ಧ.

ಉಸಿರು ಮೇಲುಮೇಲೆ ಆಡಿದರೆ ಏನಾಗುತ್ತದೆ ಎಂಬುದಕ್ಕೂ ಗುಣಾಕಾರ ಸಾಕು. 500 ಮಿ.ಲೀ. 12 ಸಲ, 250 ಮಿ.ಲೀ. 24 ಸಲ, ಎರಡೂ ನಿಮಿಷಕ್ಕೆ 6 ಲೀಟರ್. ಪ್ರತಿ ಉಸಿರಿಗೆ ಡೆಡ್ ಸ್ಪೇಸ್ (ವಿನಿಮಯ ನಡೆಯದ ನಾಳಗಳಲ್ಲಿ ಉಳಿಯುವ ಗಾಳಿ) 150 ಕಳೆಯಿರಿ: ಮೊದಲನೆಯದರಲ್ಲಿ ಆಲ್ವಿಯೋಲಸ್ ತಲುಪುವುದು 4,200, ಎರಡನೆಯದರಲ್ಲಿ ಬರೀ 2,400.

ನೆಫ್ರಾನ್

ಕಿಡ್ನಿಗೆ ಎರಡು ಮಾತು ಸಾಕು. ಗ್ಲೊಮೆರುಲಸ್‌ಗೆ (ಸೋಸುವ ಕ್ಯಾಪಿಲರಿ ಗುಚ್ಛ) ಒಳಬರುವ ನಾಳ ಬಿಗಿದರೆ ಪ್ಲಾಸ್ಮಾ ಹರಿವು, ಜಿಎಫ್‌ಆರ್ (ನಿಮಿಷಕ್ಕೆ ಸೋಸುವ ಪ್ರಮಾಣ) ಎರಡೂ ಇಳಿಯುತ್ತವೆ. ಹೊರಹೋಗುವ ನಾಳ ಮಿತವಾಗಿ ಬಿಗಿದರೆ ಹರಿವು ಇಳಿಯುತ್ತದೆ, ಜಿಎಫ್‌ಆರ್ ಏರುತ್ತದೆ, ಫಿಲ್ಟ್ರೇಶನ್ ಫ್ರಾಕ್ಷನ್ (ಹರಿದದ್ದರಲ್ಲಿ ಸೋಸಿದ ಪಾಲು) ಏರುತ್ತದೆ. ಆಂಜಿಯೋಟೆನ್ಸಿನ್ 2 (ರಕ್ತನಾಳ ಬಿಗಿಸುವ ಹಾರ್ಮೋನ್) ಹೆಚ್ಚಾಗಿ ಬಿಗಿಯುವುದು ಹೊರಹೋಗುವುದನ್ನು. ಎರಡೂ ಕಡೆ ರೀನಲ್ ಆರ್ಟರಿ ಕಿರಿದಾದ ರೋಗಿಗೆ ಎಸಿಇ ಇನ್ಹಿಬಿಟರ್ (ಆಂಜಿಯೋಟೆನ್ಸಿನ್ 2 ತಯಾರಾಗದಂತೆ ತಡೆಯುವ ಔಷಧ) ಕೊಟ್ಟರೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಯಾಕೆ ಏರುತ್ತದೆ ಎಂಬುದು ಇಷ್ಟರಲ್ಲೇ ಇದೆ. ಇನ್ನು ಕ್ಲಿಯರೆನ್ಸ್ (ಒಂದು ನಿಮಿಷಕ್ಕೆ ಎಷ್ಟು ಪ್ಲಾಸ್ಮಾ ಶುದ್ಧವಾಗುತ್ತದೆ ಎಂಬುದರ) ಲೆಕ್ಕ ಮಾಡುವಾಗ ಮೂತ್ರದ ಹರಿವನ್ನು ನಿಮಿಷಕ್ಕೆ ಮಿ.ಲೀ.ಗೆ ಇಳಿಸಿಕೊಳ್ಳಿ, ದಿನಕ್ಕೆ 1,440 ಮಿ.ಲೀ. ಅಂದರೆ ನಿಮಿಷಕ್ಕೆ 1. 24 ಗಂಟೆ ಸಂಗ್ರಹದಲ್ಲಿ ಒಂದು ಸಲದ ಮೂತ್ರ ತಪ್ಪಿದರೂ ಉತ್ತರ ಸುಳ್ಳೇ ಕಡಿಮೆ ಬರುತ್ತದೆ.

ಹೊಸ_ಬ್ಯಾಚ್

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಡಿಫರೆನ್ಷಿಯಲ್ ಕೌಂಟ್ (ಬಿಳಿ ರಕ್ತಕಣಗಳ ಬಗೆವಾರು ಎಣಿಕೆ) ಸ್ಲೈಡ್ ಪೂರ್ತಿ ನೀಲಿ ಆಗುತ್ತಿದೆ, ಇಯೋಸಿನೋಫಿಲ್ ಯಾವುದು ಅಂತಲೇ ತಿಳಿಯುತ್ತಿಲ್ಲ.

ಹೆಮಟಾಲಜಿ_ಲ್ಯಾಬ್

ನೀರು ಕ್ಷಾರೀಯವಾಗಿದೆ, ಇಲ್ಲವೇ ಸ್ಟೇನ್ ಹೆಚ್ಚು ಹೊತ್ತು ಕೂತಿದೆ, ಇಲ್ಲವೇ ಸ್ಮಿಯರ್ (ಗಾಜಿನ ಮೇಲೆ ಎಳೆದ ರಕ್ತದ ಪದರ) ದಪ್ಪ. ನಲ್ಲಿ ನೀರು ಬಿಟ್ಟು ಪಿಎಚ್ 6.8ರ ಬಫರ್ ನೀರು ಕೇಳಿ ಪಡೆಯಿರಿ. ಲೀಷ್‌ಮನ್ ಸ್ಟೇನ್ ಎಂಟು ಹತ್ತು ಹನಿ ಹಾಕಿ ಎರಡು ನಿಮಿಷ ಬಿಡಿ. ಆಗ ಅದರಲ್ಲಿರುವ ಮಿಥೈಲ್ ಆಲ್ಕೊಹಾಲ್ ಕಣಗಳನ್ನು ಗಾಜಿಗೆ ಕಚ್ಚಿಸುತ್ತದೆ. ಈ ಹೊತ್ತಿನಲ್ಲಿ ಒಣಗಲು ಬಿಡಬೇಡಿ, ನೀರೂ ತಾಗಬಾರದು. ಆಮೇಲೆ ಎರಡು ಪಟ್ಟು ಬಫರ್ ನೀರು ಹಾಕಿ ಊದಿ ಬೆರೆಸಿ, ಏಳರಿಂದ ಹತ್ತು ನಿಮಿಷ. ತೊಳೆಯುವಾಗ ಸ್ಟೇನ್ ಚೆಲ್ಲಿ ತೊಳೆಯಬೇಡಿ, ಮೇಲೆ ತೇಲುವ ಕೆನೆಯಂಥ ಪದರ ಸ್ಲೈಡಿಗೆ ಅಂಟುತ್ತದೆ. ಬಫರ್ ನೀರು ಹರಿಸಿ ಅದನ್ನು ತೇಲಿಸಿಕೊಂಡು ಹೋಗಿ. ಸ್ಮಿಯರ್ ಎಳೆಯುವಾಗ ಸ್ಪ್ರೆಡರ್ 30-45 ಡಿಗ್ರಿ ಇರಲಿ. ಕೋನ ಹೆಚ್ಚಿದಷ್ಟೂ ಸ್ಮಿಯರ್ ದಪ್ಪ. ಆರ್‌ಬಿಸಿಗಳು ನಸುಗೆಂಪಾಗಿ, ಒಂದರ ಮೇಲೊಂದು ಬೀಳದೆ ಕಾಣುವ ಜಾಗದಲ್ಲಿ ಆಯಿಲ್ ಇಮ್ಮರ್ಷನ್ ಹಾಕಿ ಎಣಿಸಿ. ಬಾಲದ ತುದಿಗೆ ಹೋಗಬೇಡಿ, ದೊಡ್ಡ ಕಣಗಳೆಲ್ಲ ಅಲ್ಲಿ ಸೇರಿಕೊಂಡು ಮಾನೋಸೈಟ್ ಇರುವುದಕ್ಕಿಂತ ಹೆಚ್ಚು ಕಾಣುತ್ತವೆ.